ಬ್ಯಾರಕ್‌ನಲ್ಲಿ ಇಪ್ಪತ್ತೆರಡು ವಾರ

ಷಿಕಾಗೋದಿಂದ ದಕ್ಷಿಣಕ್ಕೆ ಕಾರಿನಲ್ಲಿ ಸುಮಾರು ಎರಡು ಗಂಟೆ ಹೋದರೆ ಮೆಕ್ಕೆಜೋಳದ ಹೊಲಗಳ ನಡುವೆ ರ‍್ಯಾಂಟೂಲ್ ಎಂಬ ಸಣ್ಣ ಊರು ಸಿಗುತ್ತದೆ. 1917ರಿಂದ ಈ ಊರಿನ ಒಲೆ ಉರಿದದ್ದು ಪಕ್ಕದ ಶನೂಟ್ ವಾಯುನೆಲೆಯಿಂದ. ಹೋಟೆಲು, ಅಂಗಡಿ, ಬಾಡಿಗೆ ಮನೆ ಎಲ್ಲಕ್ಕೂ ನೆಲೆಯ ಸಿಬ್ಬಂದಿಯೇ ಗಿರಾಕಿ. ಅಮೆರಿಕದ ಮೊಟ್ಟಮೊದಲ ಕಪ್ಪು ಜನರ ಯುದ್ಧವಿಮಾನ ದಳಕ್ಕೆ 1941ರಲ್ಲಿ ಚಾಲನೆ ಸಿಕ್ಕಿದ್ದೂ ಇಲ್ಲೇ. ಶೀತಲ ಸಮರ ಮುಗಿಯುತ್ತ ಬಂದಾಗ ಅಮೆರಿಕ ತನ್ನ ಸೇನಾನೆಲೆಗಳನ್ನು ಎಣಿಸಿ ಎಣಿಸಿ ಮುಚ್ಚತೊಡಗಿತು. ಶನೂಟ್ ಸರದಿ 1993ರಲ್ಲಿ ಬಂತು. ಅದೇ ವರ್ಷ ಅಲ್ಲಿನ ಬ್ಯಾರಕ್‌ಗಳಿಗೆ ಬೇರೆಯೇ ತರಹದ ಒಕ್ಕಲು ಬಂದಿತು. ಹದಿನಾರರಿಂದ ಹದಿನೆಂಟು ವರ್ಷದ, ಹೈಸ್ಕೂಲು ಅರ್ಧಕ್ಕೇ ಬಿಟ್ಟ, ಕೆಲಸವೂ ಇಲ್ಲದ ಹುಡುಗ ಹುಡುಗಿಯರು ಚೀಲ ಹೊತ್ತು ಬಂದಿಳಿದರು.

ಇಲಿನಾಯ್ ರಾಜ್ಯದ ಈ ಶಿಬಿರಕ್ಕೆ ಇಟ್ಟ ಹೆಸರು ಲಿಂಕನ್ಸ್ ಚಾಲೆಂಜ್. ನಡೆಸುತ್ತಿದ್ದದ್ದು ನ್ಯಾಷನಲ್ ಗಾರ್ಡ್. ನಮ್ಮ ಟೆರಿಟೋರಿಯಲ್ ಆರ್ಮಿಯಂತೆ ಇದೂ ಅರೆಕಾಲಿಕ ಪಡೆ. ವಾರವಿಡೀ ಬ್ಯಾಂಕಿನಲ್ಲೋ ಗ್ಯಾರೇಜಿನಲ್ಲೋ ದುಡಿಯುವವನು ತಿಂಗಳಿಗೊಂದು ವಾರಾಂತ್ಯ ಸಮವಸ್ತ್ರ ತೊಟ್ಟು ಕವಾಯತಿಗೆ ಹೋಗುತ್ತಾನೆ. ಪ್ರವಾಹ ಬಂದಾಗ, ಗಲಭೆ ಎದ್ದಾಗ ರಾಜ್ಯಪಾಲರು ಕರೆಯುವುದು ಈ ಪಡೆಯನ್ನೇ, ಅಮೆರಿಕದಲ್ಲಿ ರಾಜ್ಯಪಾಲರೆಂದರೆ ಚುನಾಯಿತ ಆಡಳಿತಗಾರರು. ಊರವರ ನಡುವೆಯೇ ಬದುಕುವ ಸೈನಿಕರು ಅನ್ನುವುದು ಈ ಕತೆಯಲ್ಲಿ ಮುಖ್ಯ.

1992ರ ಏಪ್ರಿಲ್ ಕೊನೆಯಲ್ಲಿ ಲಾಸ್ ಏಂಜಲಿಸ್ ನಗರ ಗಲಭೆಯಲ್ಲಿ ಹೊತ್ತಿ ಉರಿದಿತ್ತು. ಒಂದು ಕಡೆ ಸೇನೆ ಕುಗ್ಗುತ್ತಿತ್ತು, ಕಟ್ಟಡಗಳು ಖಾಲಿ ಬೀಳುತ್ತಿದ್ದವು, ನುರಿತ ಸಾರ್ಜೆಂಟುಗಳು ಮನೆಗೆ ಹೊರಟಿದ್ದರು. ಇನ್ನೊಂದು ಕಡೆ ನಗರಗಳಲ್ಲಿ ಕ್ರ್ಯಾಕ್ ಕೊಕೇನಿನ ಹಾವಳಿ, ಶಾಲೆ ಬಿಟ್ಟ ಹದಿಹರೆಯದವರ ದಂಡು. ಈ ಎರಡನ್ನೂ ಜೋಡಿಸಬಾರದೇಕೆ ಎಂದು ವಾದಿಸಿದವರಲ್ಲಿ ಸೆನೆಟ್ಟಿನ ಸಶಸ್ತ್ರಪಡೆಗಳ ಸಮಿತಿಯ ಅಧ್ಯಕ್ಷ, ಜಾರ್ಜಿಯಾದ ಸ್ಯಾಮ್ ನನ್ ಮುಖ್ಯರು. 1993ನೇ ಹಣಕಾಸು ವರ್ಷದ ರಕ್ಷಣಾ ಮಸೂದೆಯಲ್ಲಿ ಒಂದು ಕಲಮು ಸೇರಿಸಿ, ಹತ್ತು ರಾಜ್ಯಗಳಲ್ಲಿ ಪ್ರಯೋಗ ಮಾಡಿ ನೋಡಲು ಒಪ್ಪಿಗೆ ಕೊಡಲಾಯಿತು. 1998ರಲ್ಲಿ ಅದಕ್ಕೆ ಕಾಯಂ ಮುದ್ರೆ ಬಿತ್ತು. ಯೂತ್ ಚಾಲೆಂಜ್ ಎಂದು ಇಂದು ಕರೆಯುವ ಯೋಜನೆ ಹುಟ್ಟಿದ್ದು ಹೀಗೆ.

ಆದರೆ ದಾರಿ ತಪ್ಪಬಹುದಾದ ಹುಡುಗರನ್ನು ಸೈನ್ಯದ ಶಿಸ್ತಿಗೆ ಒಪ್ಪಿಸುವ ಆಲೋಚನೆ ಅಮೆರಿಕಕ್ಕೆ ಆಗ ಹೊಸದೇನೂ ಆಗಿರಲಿಲ್ಲ. ಅರವತ್ತು ವರ್ಷಗಳಲ್ಲಿ ಅದು ಮೂರು ವೇಷ ಹಾಕಿ ಬಂದಿತ್ತು. ಒಂದು ಗೆದ್ದಿತು, ಒಂದು ನಾಚಿಕೆಗೇಡಾಯಿತು, ಇನ್ನೊಂದು ಮಕ್ಕಳ ಪ್ರಾಣವನ್ನೇ ತೆಗೆಯಿತು.

ಗೆದ್ದದ್ದು 1933ರದು. ಮಹಾಕುಸಿತದ ನಡುವೆ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧಿಕಾರಕ್ಕೆ ಬಂದು ತಿಂಗಳು ತುಂಬುವುದರೊಳಗೆ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ಯೋಜನೆಗೆ ಸಹಿ ಹಾಕಿದರು. ಹದಿನೆಂಟರಿಂದ ಇಪ್ಪತ್ತೈದರ ನಿರುದ್ಯೋಗಿ ಅವಿವಾಹಿತ ಯುವಕರನ್ನು ಕಾಡಿಗೆ ಕಳಿಸಿ ಗಿಡ ನೆಡಿಸುವುದು, ಕಾಳ್ಗಿಚ್ಚು ಆರಿಸುವುದು, ಮಣ್ಣಿನ ಸವಕಳಿ ತಡೆಯಲು ಬದು ಹಾಕಿಸುವುದು ಇದರ ಕೆಲಸ. ತಿಂಗಳಿಗೆ 30 ಡಾಲರ್ ಕೂಲಿ. ಅದರಲ್ಲಿ 25 ಡಾಲರ್ ನೇರವಾಗಿ ಮನೆಗೆ ಹೋಗುತ್ತಿತ್ತು. ಹುಡುಗನ ಕೈಗೆ ಐದೇ ಡಾಲರ್. ಹಸಿದ ಮನೆಗಳ ಪಾಲಿಗೆ ಆ ಹಣ ದೊಡ್ಡದು. ಮಗ ಮಧ್ಯದಲ್ಲೇ ಓಡಿಬರದಂತೆ ತಡೆದದ್ದೂ ಬಹುಶಃ ಅದೇ.

ಹುಡುಗರನ್ನು ಆಯ್ಕೆ ಮಾಡುವ ಹೊಣೆ ಕಾರ್ಮಿಕ ಇಲಾಖೆಗೆ, ಹೊಲ ಕಾಡುಗಳ ಕೆಲಸದ ಹೊಣೆ ಕೃಷಿ ಮತ್ತು ಒಳನಾಡು ಇಲಾಖೆಗಳಿಗೆ ಎಂದು ಹಂಚಿಕೊಟ್ಟಿದ್ದರು. ಲಕ್ಷಾಂತರ ಜನಕ್ಕೆ ಊಟ, ಹಾಸಿಗೆ, ಬೂಟು, ವೈದ್ಯ ಒದಗಿಸಬಲ್ಲ ಶಕ್ತಿ ಇದ್ದದ್ದು ಸೈನ್ಯಕ್ಕೆ ಮಾತ್ರ. ಹಾಗಾಗಿ ಶಿಬಿರ ನಡೆಸುವ ಕೆಲಸ ಅದರ ಪಾಲಿಗೆ ಬಂತು. ಜುಲೈ ಮೊದಲ ವಾರದ ಹೊತ್ತಿಗೆ ಸುಮಾರು 1300 ಶಿಬಿರಗಳಲ್ಲಿ ಎರಡೂಮುಕ್ಕಾಲು ಲಕ್ಷ ಯುವಕರು ಮಲಗಿ ಏಳುತ್ತಿದ್ದರು. ಮೊದಲ ಮಹಾಯುದ್ಧಕ್ಕೂ ಅಮೆರಿಕ ಇಷ್ಟು ಬೇಗ ಜನ ಸೇರಿಸಿರಲಿಲ್ಲ.

ಕಾರ್ಮಿಕ ಸಂಘಟನೆಗಳಿಗೆ ಮಾತ್ರ ಇದು ಕಣ್ಣುರಿ. ಯುವಕರನ್ನು ಸೈನ್ಯದ ಕೈಗೆ ಕೊಡುವುದೆಂದರೆ ಹಿಟ್ಲರನ ದಾರಿ ಹಿಡಿದಂತೆ ಎಂದು ಕಾರ್ಮಿಕ ನಾಯಕ ವಿಲಿಯಂ ಗ್ರೀನ್ ಬಹಿರಂಗವಾಗಿಯೇ ಆಕ್ಷೇಪಿಸಿದರು. ರೂಸ್‌ವೆಲ್ಟ್ ಚಾಣಾಕ್ಷರು. ಯೋಜನೆಯ ಮುಖ್ಯಸ್ಥರನ್ನಾಗಿ ಕಾರ್ಮಿಕ ಸಂಘದವರೇ ಆದ ರಾಬರ್ಟ್ ಫೆಕ್ನರ್ ಅವರನ್ನು ಕೂರಿಸಿದರು. ಶಿಬಿರಗಳಲ್ಲಿ ಬಂದೂಕಿಲ್ಲ, ಕವಾಯತಿಲ್ಲ ಎಂದೂ ಗೊತ್ತುಮಾಡಲಾಯಿತು. ಬೆಳಿಗ್ಗೆ ತುತ್ತೂರಿ ಊದಿ ಎಬ್ಬಿಸುವುದು, ಹಾಸಿಗೆ ನೀಟಾಗಿ ಮಡಿಸುವುದು, ಸಾಲಿನಲ್ಲಿ ನಿಂತು ಊಟ ಮಾಡುವುದು, ಸಂಜೆ ಬೇಕಾದವರಿಗೆ ಪಾಠ, ಇಷ್ಟೇ ದಿನಚರಿ. ಓದು ಬರಹ ಬಾರದ ನಲವತ್ತು ಸಾವಿರಕ್ಕೂ ಹೆಚ್ಚು ಯುವಕರು ಅಲ್ಲಿ ಅಕ್ಷರ ಕಲಿತರು. ಕಪ್ಪು ಯುವಕರನ್ನೂ ಸೇರಿಸಿಕೊಂಡರು, ಆದರೆ ಬಹುಬೇಗ ಅವರಿಗೆ ಪ್ರತ್ಯೇಕ ಶಿಬಿರ ಕಟ್ಟಿದರು. 1942ರಲ್ಲಿ ಮುಚ್ಚುವ ಹೊತ್ತಿಗೆ ಸುಮಾರು ಮೂವತ್ತು ಲಕ್ಷ ಮಂದಿ ಅಲ್ಲಿ ದುಡಿದು ಹೋಗಿದ್ದರು. ಮುಂದೆ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯನ್ನು ಮುನ್ನಡೆಸಿ, ಶಾಂತಿಗಾಗಿ ನೊಬೆಲ್ ಪಡೆದ ಜಾರ್ಜ್ ಮಾರ್ಷಲ್ ಆಗ ಈ ಶಿಬಿರಗಳ ಉಸ್ತುವಾರಿ ಹೊತ್ತಿದ್ದರು. ಮೊದಲು ಜಾರ್ಜಿಯಾ, ದಕ್ಷಿಣ ಕೆರೊಲಿನಾಗಳಲ್ಲಿ, ಆಮೇಲೆ ಪೆಸಿಫಿಕ್ ಕರಾವಳಿಯ ಓರೆಗಾನ್ ಕಡೆ. ಬೇರೆ ಅಧಿಕಾರಿಗಳಿಗೆ ತಲೆನೋವಾಗಿದ್ದ ಈ ಕೆಲಸವನ್ನು ಅವರು ಮನಸಾರೆ ಮಾಡಿದರು.

ಎರಡನೆಯ ವೇಷ ವಿಯೆಟ್ನಾಂ ಕಾಲದ್ದು. ಸೈನ್ಯಕ್ಕೆ ಕರೆಸಿದ ಯುವಕರಲ್ಲಿ ಮೂರನೇ ಒಂದು ಪಾಲು ಲಾಯಕ್ಕಿಲ್ಲವೆಂದು ವಾಪಸಾಗುತ್ತಿದ್ದಾರೆ ಎಂಬ ಸರ್ಕಾರಿ ವರದಿ 1964ರ ಜನವರಿಯಲ್ಲಿ ಹೊರಬಂತು. ಅದನ್ನು ರೂಪಿಸುವುದರಲ್ಲಿ ಮುಂದೆ ಸೆನೆಟರೂ ಭಾರತಕ್ಕೆ ರಾಯಭಾರಿಯೂ ಆದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹನ್ ಅವರ ಕೈ ದೊಡ್ಡದು. ಬಡತನದಲ್ಲಿ ಹುಟ್ಟಿ ಬಡ ಶಾಲೆಯಲ್ಲಿ ಓದಿದವನಿಗೆ ಸೈನ್ಯವೇ ಎರಡನೇ ಶಾಲೆ ಆಗಬಹುದು ಎಂಬ ಆಸೆ ಅಲ್ಲಿ ಮೊಳೆಯಿತು. 1966ರಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರ ಆ ಆಸೆಗೆ ಕೈಕಾಲು ಕೊಟ್ಟರು. ಪರೀಕ್ಷೆಯ ಮಟ್ಟ ಇಳಿಸಿ ವರ್ಷಕ್ಕೆ ಒಂದು ಲಕ್ಷ ಮಂದಿಯನ್ನು ಸೇರಿಸಿಕೊಳ್ಳುವುದು, ತರಬೇತಿ ಕೊಟ್ಟು ನಾಗರಿಕ ಬದುಕಿಗೆ ವಾಪಸು ಕಳಿಸುವುದು. ಯೋಜನೆಯ ಹೆಸರೂ ಪ್ರಾಜೆಕ್ಟ್ ಒನ್ ಹಂಡ್ರೆಡ್ ಥೌಸಂಡ್ ಎಂದೇ.

ಯುದ್ಧ ಆಗ ಜನ ಬೇಡುತ್ತಿತ್ತು. ಕಾಲೇಜು ಹುಡುಗರಿಗೆ ವಿನಾಯಿತಿ ಇತ್ತು. 1971ರ ಕೊನೆಯವರೆಗೆ ಮೂರೂವರೆ ಲಕ್ಷಕ್ಕೂ ಹೆಚ್ಚು ಮಂದಿ ಈ ಬಾಗಿಲಿನಿಂದ ಒಳಗೆ ಹೋದರು. ಅವರಲ್ಲಿ ಹತ್ತಕ್ಕೆ ನಾಲ್ವರು ಕಪ್ಪು ಜನ. ಹೇಳಿದ ವಿಶೇಷ ಪಾಠ ಬಹುಮಂದಿಗೆ ಸಿಗಲೇ ಇಲ್ಲ. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಕಾಲಾಳು ದಳದಂಥ ಹೋರಾಟದ ಘಟಕಗಳಿಗೆ ಹೋದರು. ಉಳಿದ ಸೈನಿಕರಿಗಿಂತ ಅವರಲ್ಲಿ ಸತ್ತವರ ಪ್ರಮಾಣ ಹೆಚ್ಚು. ರಕ್ಷಣಾ ಇಲಾಖೆಯೇ ಮಾಡಿಸಿದ ಅಧ್ಯಯನವೊಂದು ಆಮೇಲೆ ಬಂತು. ಬದುಕಿ ಬಂದವರ ಸಂಪಾದನೆಯೂ ಸೇನೆಗೇ ಹೋಗದ ಅವರಂಥವರಿಗಿಂತ ಮೇಲಾಗಿರಲಿಲ್ಲ ಎಂದು ಅದು ಒಪ್ಪಿಕೊಂಡಿತು. ಮೆಕ್‌ನಮಾರ ಅವರ ಉದ್ದೇಶ ಒಳ್ಳೆಯದಿತ್ತೆಂದು ಈಗಲೂ ವಾದಿಸುವವರಿದ್ದಾರೆ. ಇದ್ದಿರಬಹುದು. ಆದರೆ ಯುದ್ಧ ನಡೆಸುತ್ತಿರುವ ಸೈನ್ಯದ ಕೈಗೆ ದುರ್ಬಲ ಹುಡುಗನನ್ನು ಕೊಟ್ಟರೆ ಅದು ಮೊದಲು ನೋಡುವುದು ತನ್ನ ಗರಜನ್ನು.

ಮಗ ಕೈಮೀರಿದಾಗ, ‘ಮಿಲಿಟರಿಗೆ ಹಾಕಿ, ತಾನಾಗೇ ನೆಟ್ಟಗಾಗ್ತಾನೆ’ ಎಂದು ನೆಂಟರು ಸಲಹೆ ಕೊಡುವುದು ನಮ್ಮ ಮನೆಗಳಲ್ಲೂ ಇದೆ. ಎಂಬತ್ತರ ದಶಕದ ಅಮೆರಿಕದಲ್ಲಿ ಅದೇ ಮಾತು ಕಾನೂನಾಗಿ ಬಂತು, ಅದೇ ಮೂರನೆಯ ವೇಷ. 1983ರಲ್ಲಿ ಜಾರ್ಜಿಯಾ ಮತ್ತು ಓಕ್ಲಹೋಮಾ ರಾಜ್ಯಗಳು ಜೈಲಿನ ಬದಲು ಬೂಟ್ ಕ್ಯಾಂಪ್ ತೆರೆದವು. ತಲೆ ಬೋಳಿಸಿ, ಮುಖಕ್ಕೆ ಮುಖ ತಾಗಿಸಿ ಕಿರುಚಿ, ಮಣ್ಣಿನಲ್ಲಿ ಉರುಳಾಡಿಸಿ, ತಪ್ಪಿದಾಗಲೆಲ್ಲ ದಂಡ ಹೊಡೆಸುವುದು. ಟಿವಿ ಕ್ಯಾಮೆರಾಗಳಿಗೆ ಇದಕ್ಕಿಂತ ಸೊಗಸಾದ ದೃಶ್ಯ ಬೇಕೆ? ರಾಜಕಾರಣಿಗಳಿಗೂ ಹಿತ, ಅಪರಾಧದ ಮೇಲೆ ಬಿಗಿ ಎಂದು ತೋರಿಸಿಕೊಳ್ಳಬಹುದು, ಖರ್ಚೂ ಕಡಿಮೆ ಎನ್ನಬಹುದು. 1995ರ ಹೊತ್ತಿಗೆ ರಾಜ್ಯಗಳು ವಯಸ್ಕರಿಗಾಗಿ 75 ಶಿಬಿರ, ಬಾಲಾಪರಾಧಿಗಳಿಗಾಗಿ 30 ಶಿಬಿರ ನಡೆಸುತ್ತಿದ್ದವು. ಗಮನಿಸಬೇಕಾದದ್ದು, ಇವುಗಳನ್ನು ನಡೆಸಿದ್ದು ಸೈನ್ಯವಲ್ಲ, ಜೈಲು ಇಲಾಖೆಗಳು, ಷೆರಿಫ್‌ಗಳು. ಸೈನ್ಯದಿಂದ ಇವರು ಎರವಲು ತಂದದ್ದು ಮೊದಲ ಎಂಟು ವಾರದ ಗದ್ದಲವನ್ನು ಮಾತ್ರ. ಆ ಗದ್ದಲದ ನಂತರ ಸೈನ್ಯ ತನ್ನ ರಂಗರೂಟನಿಗೆ ಸಂಬಳ, ಕಸುಬು, ಜೊತೆಗಾರರು, ಹೆಮ್ಮೆಪಡಲು ಒಂದು ಹೆಸರು ಎಲ್ಲ ಕೊಡುತ್ತದೆ. ಬೂಟ್ ಕ್ಯಾಂಪು ಕೊಟ್ಟದ್ದು ಹಳೇ ಬೀದಿಗೆ ಒಂದು ಬಸ್ ಟಿಕೆಟ್.

ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರಜ್ಞೆ ಡೋರಿಸ್ ಮೆಕೆಂಜಿ ಮತ್ತು ಅವರ ಜೊತೆಯವರು ಈ ಶಿಬಿರಗಳ ಲೆಕ್ಕ ತೆಗೆದರು. ಹೊರಬಂದವರು ಮತ್ತೆ ಸಿಕ್ಕಿಬೀಳುವ ಪ್ರಮಾಣ ಬೇರೆಯವರಷ್ಟೇ ಇತ್ತು. 1999ರ ಡಿಸೆಂಬರಿನಲ್ಲಿ ಬಾಲ್ಟಿಮೋರ್ ಸನ್ ಪತ್ರಿಕೆಯ ವರದಿಗಾರ ಮತ್ತು ಛಾಯಾಗ್ರಾಹಕರು ಮೇರಿಲ್ಯಾಂಡಿನ ಬೆಟ್ಟಗಳಲ್ಲಿದ್ದ ಬಾಲಾಪರಾಧಿಗಳ ಶಿಬಿರವೊಂದರ ಕತೆ ಸರಣಿಯಾಗಿ ಬರೆದರು. ಪತ್ರಿಕೆಯವರು ನೋಡುತ್ತಿರುವಾಗಲೇ ಕಾವಲುಗಾರರು ಹುಡುಗರನ್ನು ನೆಲಕ್ಕೆ ಕೆಡವಿ ಹೊಡೆದಿದ್ದರು. ಅದು ತಪ್ಪೆಂದು ಅವರಿಗೆ ಹೊಳೆದಿರಲೇ ಇಲ್ಲ. ರಾಜ್ಯ ಸರ್ಕಾರ ಶಿಬಿರಗಳನ್ನು ನಿಲ್ಲಿಸಿತು. 2006ರ ಜನವರಿಯಲ್ಲಿ ಫ್ಲಾರಿಡಾದ ಪನಾಮಾ ಸಿಟಿಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬ ಶಿಬಿರಕ್ಕೆ ಬಂದ ಮೊದಲ ದಿನವೇ ಓಡಲಾರದೆ ನಿಂತ. ಕಾವಲುಗಾರರು ಅವನನ್ನು ಅರ್ಧ ಗಂಟೆ ಹಿಡಿದು ಥಳಿಸಿ, ಮೂಗಿಗೆ ಅಮೋನಿಯಾ ಒತ್ತಿದ್ದು ಕ್ಯಾಮೆರಾದಲ್ಲಿ ದಾಖಲಾಯಿತು. ಮರುದಿನ ಅವನು ಸತ್ತ. ಮೊದಲ ಶವಪರೀಕ್ಷೆ ರಕ್ತದ ಹುಟ್ಟುದೋಷವನ್ನು ಕಾರಣವೆಂದಿತು, ಎರಡನೆಯದು ಉಸಿರುಕಟ್ಟಿ ಸಾವು ಎಂದಿತು. ನ್ಯಾಯಮಂಡಳಿ ಎಲ್ಲ ಆರೋಪಿಗಳನ್ನೂ ಬಿಟ್ಟಿತು. ಫ್ಲಾರಿಡಾ ಮಾತ್ರ 2006ರಲ್ಲೇ ಕಾನೂನು ಮಾಡಿ ಇಂಥ ಶಿಬಿರಗಳನ್ನು ಮುಚ್ಚಿತು.

ಯೂತ್ ಚಾಲೆಂಜ್ ಈ ಬೂಟ್ ಕ್ಯಾಂಪುಗಳ ಭರಾಟೆಯ ಕಾಲದಲ್ಲೇ ಹುಟ್ಟಿ ಬೆಳೆಯಿತು. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಇಲ್ಲೂ ಕೂದಲು ಕತ್ತರಿಸುತ್ತಾರೆ, ಮೊಬೈಲು ಕಿತ್ತುಕೊಳ್ಳುತ್ತಾರೆ, ಸಮವಸ್ತ್ರ ಕೊಡುತ್ತಾರೆ. ಹುಡುಗರನ್ನು ಕೆಡೆಟ್ ಎಂದೂ ಮೇಲ್ವಿಚಾರಕರನ್ನು ಕೇಡರ್ ಎಂದೂ ಕರೆಯುತ್ತಾರೆ. ಮಲಗುವ ಬ್ಯಾರಕ್ ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ. ನಸುಕಿಗೇ ಎದ್ದು ಓಟ, ವ್ಯಾಯಾಮ, ಸಾಲು ಸಾಲಾಗಿ ನಡಿಗೆ. ಮೊದಲ ಎರಡು ವಾರ ಒಗ್ಗಿಕೊಳ್ಳುವ ಹಂತ. ಆಗಲೇ ಮನೆಗೆ ಓಡುವವರು ಓಡಿಬಿಡುತ್ತಾರೆ. ಉಳಿದವರಿಗೆ ಇನ್ನೂ ಇಪ್ಪತ್ತು ವಾರ.

ಒಳಗಿನ ಕಟ್ಟು ಮಾತ್ರ ಬೇರೆ. ಮೊದಲನೆಯದಾಗಿ, ಇಲ್ಲಿಗೆ ಯಾರನ್ನೂ ನ್ಯಾಯಾಧೀಶರು ಶಿಕ್ಷೆಯಾಗಿ ಕಳಿಸುವಂತಿಲ್ಲ. ಹುಡುಗ ತಾನೇ ಬರಬೇಕು, ಬೇಡವೆನಿಸಿದರೆ ಹೋಗಬಹುದು. ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವನನ್ನು ಸೇರಿಸುವುದಿಲ್ಲ, ಮಾದಕ ವ್ಯಸನದಲ್ಲಿರುವವನನ್ನೂ ಸೇರಿಸುವುದಿಲ್ಲ. ಮನೆಯವರು ಒಂದು ಕಾಸೂ ಕೊಡಬೇಕಾಗಿಲ್ಲ. ಖರ್ಚಿನ ಮುಕ್ಕಾಲು ಭಾಗ ಕೇಂದ್ರ ಸರ್ಕಾರದ್ದು, ಕಾಲು ಭಾಗ ರಾಜ್ಯದ್ದು. ದಿನದ ದೊಡ್ಡ ಪಾಲು ತರಗತಿಯಲ್ಲಿ ಕಳೆಯುತ್ತದೆ. ಜೊತೆಗೆ ಕನಿಷ್ಠ ನಲವತ್ತು ಗಂಟೆ ಊರಸೇವೆ, ಬ್ಯಾಂಕ್ ಖಾತೆ ನಡೆಸುವುದರಿಂದ ಹಿಡಿದು ಕೋಪ ನುಂಗುವವರೆಗೆ ಬದುಕಿನ ಪಾಠ. ನಾಯಕತ್ವದ ಜೊತೆಗೆ ಇನ್ನೊಬ್ಬರ ಮಾತು ಕೇಳಿ ನಡೆಯುವುದನ್ನೂ ಪಠ್ಯದಲ್ಲಿ ಹಾಕಿದ್ದಾರೆ. ಶಿಬಿರ ಮುಗಿಸಿ ಸೈನ್ಯಕ್ಕೆ ಸೇರಲೇಬೇಕೆಂಬ ಕರಾರಿಲ್ಲ. ಕೆಲವರು ಸೇರುತ್ತಾರೆ, ಬಹುಪಾಲು ಮಂದಿ ಸೇರುವುದಿಲ್ಲ.

ಮುಖ್ಯ ಪರೀಕ್ಷೆ ಜಿಇಡಿ, ಹೈಸ್ಕೂಲು ಬಿಟ್ಟವರು ಅದಕ್ಕೆ ಸಮನಾದ ಪ್ರಮಾಣಪತ್ರಕ್ಕಾಗಿ ಬರೆಯುವಂಥದ್ದು. ಈ ಪರೀಕ್ಷೆಯನ್ನು 1942ರಲ್ಲಿ ರೂಪಿಸಿದ್ದೇ ಅಮೆರಿಕದ ಸೈನ್ಯಕ್ಕಾಗಿ. ಓದು ಬಿಟ್ಟು ಯುದ್ಧಕ್ಕೆ ಹೋದ ಹುಡುಗರು ವಾಪಸು ಬಂದಾಗ ಮತ್ತೆ ಹೈಸ್ಕೂಲಿನ ಬೆಂಚಿನಲ್ಲಿ ಕೂರಬಾರದೆಂದು. ಅದೇ ಪರೀಕ್ಷೆಗೆ ಬೆಂಚಿನಿಂದ ಎದ್ದುಹೋದವರ ಮಕ್ಕಳ ಮಕ್ಕಳು ಬ್ಯಾರಕ್ಕಿನಲ್ಲಿ ತಯಾರಾಗತೊಡಗಿದರು. ಷಿಕಾಗೋದ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಇದನ್ನು ಅಷ್ಟಾಗಿ ನಂಬಿದವರಲ್ಲ. ಜಿಇಡಿ ಪಡೆದವನ ಸಂಪಾದನೆ ಏನೂ ಪಡೆಯದವನ ಸಂಪಾದನೆಗೆ ಹತ್ತಿರವೇ ಇರುತ್ತದೆ, ಹೈಸ್ಕೂಲು ಮುಗಿಸಿದವನಿಗಲ್ಲ ಎಂದು ಅವರು ತೊಂಬತ್ತರ ದಶಕದಲ್ಲೇ ತೋರಿಸಿದ್ದರು. ಹಲವು ರಾಜ್ಯಗಳ ಶಿಬಿರಗಳು ನಿಜವಾದ ಹೈಸ್ಕೂಲು ಡಿಪ್ಲೊಮಾ ಕೊಡಿಸುವ, ಶಾಲೆಯ ಕ್ರೆಡಿಟ್ ಗಳಿಸಿಕೊಟ್ಟು ವಾಪಸು ಕಳಿಸುವ ದಾರಿಗೂ ಹೊರಳಿವೆ.

ಇಪ್ಪತ್ತೆರಡು ವಾರ ಮುಗಿದ ಮೇಲೂ ಒಂದು ವರ್ಷ ಬಾಕಿ ಇರುತ್ತದೆ, ಈ ಯೋಜನೆಯ ಜೀವ ಇರುವುದು ಅಲ್ಲಿ. ಹುಡುಗ ಊರಿಗೆ ಹೋಗುತ್ತಾನೆ. ಅವನ ಜೊತೆ ಒಬ್ಬ ಹಿರಿಯ ಇರುತ್ತಾನೆ, ಅವರ ಭಾಷೆಯಲ್ಲಿ ಮೆಂಟರ್. ಸಾಮಾನ್ಯವಾಗಿ ಇಂಥ ಯೋಜನೆಗಳಲ್ಲಿ ಕಚೇರಿಯವರು ಯಾರೋ ಒಬ್ಬ ಸದುದ್ದೇಶದ ಅಪರಿಚಿತನನ್ನು ಗಂಟುಹಾಕುತ್ತಾರೆ. ಇಲ್ಲಿ ಹೆಸರು ಸೂಚಿಸುವವನು ಬಹುಮಟ್ಟಿಗೆ ಹುಡುಗನೇ. ಹಳೇ ಕೋಚ್ ಆಗಬಹುದು, ಚರ್ಚಿನ ಹಿರಿಯ, ಪಕ್ಕದ ಮನೆಯವರು, ಕೆಲಸ ಕೊಟ್ಟಿದ್ದ ಅಂಗಡಿಯವರು ಆಗಬಹುದು. ಆದರೆ ತಂದೆ ತಾಯಿಗಳು ಆಗುವಂತಿಲ್ಲ. ಹುಡುಗನಿಗೆ ಗಂಡಸು, ಹುಡುಗಿಗೆ ಹೆಂಗಸು. ಶಿಬಿರದವರು ಅವರ ಹಿನ್ನೆಲೆ ವಿಚಾರಿಸಿ, ತರಬೇತಿ ಕೊಟ್ಟು, ಹುಡುಗ ಇನ್ನೂ ಬ್ಯಾರಕ್ಕಿನಲ್ಲಿರುವಾಗಲೇ ಭೇಟಿ ಮಾಡಿಸುತ್ತಾರೆ. ಆಮೇಲೆ ತಿಂಗಳಿಗೆ ನಾಲ್ಕು ಸಲವಾದರೂ ಮಾತುಕತೆ ಆಗಬೇಕು, ಅದರಲ್ಲಿ ಎರಡು ಮುಖಾಮುಖಿ.

ಇದೆಲ್ಲ ನಿಜಕ್ಕೂ ಕೆಲಸ ಮಾಡುತ್ತದೆಯೇ? ಸರ್ಕಾರಿ ಯೋಜನೆಗಳಲ್ಲಿ ಅಪರೂಪವೆನ್ನುವಷ್ಟು ಪ್ರಾಮಾಣಿಕವಾದ ಪರೀಕ್ಷೆ ಇದಕ್ಕೆ ನಡೆಯಿತು. ನ್ಯೂಯಾರ್ಕಿನ ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ 2005 ಮತ್ತು 2006ರಲ್ಲಿ ಹತ್ತು ರಾಜ್ಯಗಳ ಶಿಬಿರಗಳಿಗೆ ಹೋಯಿತು. ಹಾಸಿಗೆಗಳಿಗಿಂತ ಅರ್ಜಿಗಳು ಹೆಚ್ಚಿದ್ದ ಕಡೆ ಚೀಟಿ ಎತ್ತಿದಂತೆ ಹೆಸರು ಆಯ್ದರು. ಸುಮಾರು ಮೂರು ಸಾವಿರ ಅರ್ಜಿದಾರರಲ್ಲಿ ಸೀಟು ಸಿಕ್ಕವರು, ಸಿಗದವರು ಎಂದು ಎರಡು ಗುಂಪಾದವು. ಎರಡೂ ಗುಂಪಿನವರಿಗೆ ಬರುವ ಮನಸ್ಸಿತ್ತು. ವ್ಯತ್ಯಾಸ ಅದೃಷ್ಟದ್ದು ಮಾತ್ರ. ಮೂರು ವರ್ಷದ ನಂತರ ನೋಡಿದಾಗ ಸೀಟು ಸಿಕ್ಕ ಗುಂಪಿನಲ್ಲಿ ಶೇಕಡಾ 72 ಮಂದಿ ಡಿಪ್ಲೊಮಾ ಅಥವಾ ಜಿಇಡಿ ಪಡೆದಿದ್ದರು, ಸಿಗದವರಲ್ಲಿ ಶೇಕಡಾ 56. ಕಾಲೇಜಿನ ಕ್ರೆಡಿಟ್ ಗಳಿಸಿದ್ದವರು ಶೇಕಡಾ 35, ಅತ್ತ 19. ಕೆಲಸದಲ್ಲಿದ್ದವರು ಶೇಕಡಾ 58, ಅತ್ತ 51. ವಾರ್ಷಿಕ ಸಂಪಾದನೆ ಐದನೇ ಒಂದು ಪಾಲಿನಷ್ಟು ಹೆಚ್ಚು.

ಅದೇ ವರದಿಯಲ್ಲಿ ಕಹಿಯೂ ಇತ್ತು. ಪೊಲೀಸ್ ಕೇಸು, ಆರೋಗ್ಯ, ದಿನನಿತ್ಯದ ನಡತೆ ಇವುಗಳಲ್ಲಿ ಮೂರು ವರ್ಷದ ಹೊತ್ತಿಗೆ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ಅಂತರ ಉಳಿದಿರಲಿಲ್ಲ. ಅಂದರೆ ಶಿಸ್ತು ಕಲಿಸುತ್ತದೆಂದು ಜನ ನಂಬುವ ಜಾಗದಲ್ಲಿ ಶಿಸ್ತಿನ ಗುರುತು ಮಾಸಿತ್ತು, ಪುಸ್ತಕ ಮತ್ತು ಪ್ರಮಾಣಪತ್ರದ ಫಲ ನಿಂತಿತ್ತು. 2012ರಲ್ಲಿ ರ‍್ಯಾಂಡ್ ಸಂಸ್ಥೆ ಇದೇ ಅಂಕಿಗಳನ್ನು ಹಿಡಿದು, ಖರ್ಚು ಮಾಡಿದ ಒಂದು ಡಾಲರಿಗೆ ಸಮಾಜಕ್ಕೆ 2.66 ಡಾಲರ್ ಲಾಭ ಎಂದು ಲೆಕ್ಕ ಹಾಕಿತು. ಹಣ ಕೇಳಲು ಹೋಗುವವರೆಲ್ಲ ಈಗ ಉದ್ಧರಿಸುವ ಸಂಖ್ಯೆ ಇದೇ. ಲಾಭದ ಬಹುಭಾಗ ಹೆಚ್ಚು ಓದಿದವನು ಜೀವಮಾನವಿಡೀ ಹೆಚ್ಚು ದುಡಿಯುತ್ತಾನೆ ಎಂಬ ಅಂದಾಜಿನ ಮೇಲೆ ನಿಂತಿದೆ ಎನ್ನುವುದನ್ನು ಅವರು ಅಷ್ಟಾಗಿ ಹೇಳುವುದಿಲ್ಲ.

ಬಾಸ್ಟನ್ನಿನ ಮನಶ್ಶಾಸ್ತ್ರಜ್ಞೆ ಜೀನ್ ರೋಡ್ಸ್ ಮತ್ತು ಅವರ ಸಹೋದ್ಯೋಗಿಗಳು ಇದೇ ಹುಡುಗರ ಮಾಹಿತಿಯನ್ನು ಇನ್ನೊಂದು ಬದಿಯಿಂದ ನೋಡಿದರು. ಮೂರು ವರ್ಷದ ನಂತರವೂ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಹಿರಿಯರ ಜೊತೆ ಸಂಪರ್ಕ ಇಟ್ಟುಕೊಂಡಿದ್ದರು. ಕರಾರು ಇದ್ದದ್ದು ಒಂದೇ ವರ್ಷಕ್ಕೆ. ಶಿಬಿರದ ಲಾಭ ಚೆನ್ನಾಗಿ ಉಳಿದದ್ದು ಆ ಗುಂಪಿನಲ್ಲೇ. ತಾನೇ ಆರಿಸಿಕೊಂಡವರ ಜೊತೆಗಿನ ನಂಟು ಹೆಚ್ಚು ಬಾಳಿತು ಎಂಬುದೂ ಕಂಡಿತು. ಬೂಟ್ ಕ್ಯಾಂಪಿನವರು ಸೈನ್ಯದಿಂದ ಕಿರುಚಾಟ ತಂದರು, ಮೆಕ್‌ನಮಾರ ಪರೀಕ್ಷೆಯ ಅಂಕ ಇಳಿಸಿದರು. ಹುಡುಗನ ಊರಿನ ಮನುಷ್ಯನನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು, ಅದೇ ಊರುಗಳಿಂದ ಬಂದ ಅರೆಕಾಲಿಕ ಸೈನಿಕರ ಈ ಯೋಜನೆಯೇ.

ಇವತ್ತು ಲೂಯಿಸಿಯಾನದ ಕ್ಯಾಂಪ್ ಬೋರಿಗಾರ್ಡ್‌ನಿಂದ ಅಲಾಸ್ಕ, ಹವಾಯಿ, ಪೋರ್ಟೊರಿಕೋವರೆಗೆ ಇಂಥ ಶಿಬಿರಗಳಿವೆ. ಮುಗಿಸಿ ಹೊರಬಂದವರು ಒಂದೂವರೆ ಲಕ್ಷ ದಾಟಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಕೆಲವು ರಾಜ್ಯಗಳು ಶಿಬಿರ ಮುಗಿಸಿದವರಿಗೆ ವೆಲ್ಡಿಂಗಿನಂಥ ಕಸುಬು ಕಲಿಸುವ ಜಾಬ್ ಚಾಲೆಂಜ್ ಎಂಬ ಎರಡನೇ ಹಂತವನ್ನೂ ಸೇರಿಸಿವೆ.

ಸೈನ್ಯದ ಹಳೇ ಚಿಂತೆಯೂ ಮತ್ತೆ ಬಂದಿದೆ. 1964ರಲ್ಲಿ ಮೂರನೇ ಒಂದು ಪಾಲು ಲಾಯಕ್ಕಿಲ್ಲ ಎಂದದ್ದೇ ದೊಡ್ಡ ಸುದ್ದಿಯಾಗಿತ್ತು. 2020ರ ರಕ್ಷಣಾ ಇಲಾಖೆಯ ಅಧ್ಯಯನದ ಪ್ರಕಾರ ಹದಿನೇಳರಿಂದ ಇಪ್ಪತ್ನಾಲ್ಕರ ಅಮೆರಿಕನ್ನರಲ್ಲಿ ಶೇಕಡಾ 77 ಮಂದಿ ವಿನಾಯಿತಿ ಇಲ್ಲದೆ ಸೈನ್ಯಕ್ಕೆ ಸೇರಲಾರರು. ದೇಹದ ತೂಕ, ಮಾದಕವಸ್ತು, ಆರೋಗ್ಯ, ಪರೀಕ್ಷೆಯ ಅಂಕ ಹೀಗೆ ಕಾರಣ ಹಲವು. 2022ರ ಆಗಸ್ಟಿನಲ್ಲಿ ದಕ್ಷಿಣ ಕೆರೊಲಿನಾದ ಫೋರ್ಟ್ ಜ್ಯಾಕ್ಸನ್‌ನಲ್ಲಿ ಸೇನೆ ಒಂದು ಪೂರ್ವಸಿದ್ಧತಾ ತರಗತಿ ತೆರೆಯಿತು. ಅಂಕ ಕಡಿಮೆ ಬಿದ್ದವರಿಗೆ ಗಣಿತ ಮತ್ತು ಇಂಗ್ಲಿಷ್ ಪಾಠ, ತೂಕ ಹೆಚ್ಚಿದ್ದವರಿಗೆ ವ್ಯಾಯಾಮ, ಗರಿಷ್ಠ ತೊಂಬತ್ತು ದಿನ. ಮೆಕ್‌ನಮಾರ ಅವರಂತೆ ಸೇನೆ ಈ ಸಲ ಅಂಕದ ಮಟ್ಟ ಇಳಿಸಿಲ್ಲ, ಹುಡುಗನನ್ನು ಆ ಮಟ್ಟಕ್ಕೆ ಏರಿಸಲು ನೋಡುತ್ತಿದೆ. ರ‍್ಯಾಂಟೂಲಿನಲ್ಲಿ ತರಬೇತಿ ಮುಗಿಸಿದವನು ಊರಿನ ಬಸ್ಸು ಹತ್ತುತ್ತಿದ್ದ, ಫೋರ್ಟ್ ಜ್ಯಾಕ್ಸನ್‌ನಲ್ಲಿ ಮುಗಿಸಿದವನು ಬಂದೂಕು ಹಿಡಿಯುವ ಸಾಲಿಗೆ ಸೇರುತ್ತಾನೆ.